ಸತ್ಯ ಪರಿಶೀಲನೆ: ಗಾಯರಾಣಕ್ಕೆ ಬೀಜದುಂಡೆ ಎಸೆದರೆ ಪರಿಸರ ಉಳಿಯುತ್ತದೆಯೇ?

ಹೇಳಿಕೆ: "ಊರ ಪಕ್ಕದ ಖಾಲಿ ಗಾಯರಾಣಕ್ಕೆ ಬೀಜದುಂಡೆ ಎಸೆಯಿರಿ, ಕಾಡು ಬೆಳೆಸಿರಿ." ಮಳೆಗಾಲ ಬಂತೆಂದರೆ ಇಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಹರಿದಾಡುತ್ತವೆ.

ಸತ್ಯಾಂಶ: ಉದ್ದೇಶ ಒಳ್ಳೆಯದೇ. ಆದರೆ ಗಾಯರಾಣ ಖಾಲಿ ಜಾಗವಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಬಯಲು ಬೇಸಿಗೆಯಲ್ಲಿ ಬೋಳಾಗಿ ಕಂಡರೂ ನೆಲದೊಳಗೆ ಹುಲ್ಲಿನ ಬೇರು ಜೀವಂತವಾಗಿರುತ್ತದೆ. ಮಳೆ ಬಿದ್ದೊಡನೆ ಚಿಗುರಿ ಕುರಿ, ದನಗಳಿಗೆ ಮೇವಾಗುತ್ತದೆ. ಆ ಬೇರೇ ಮಣ್ಣನ್ನು ಹಿಡಿದಿಡುತ್ತದೆ. ಮರಗಳ ನೆರಳು ದಟ್ಟವಾದರೆ ಬಿಸಿಲು ಬೇಡುವ ಹುಲ್ಲು ಸಾಯುತ್ತದೆ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳೂ ದೂರವಾಗುತ್ತವೆ.

ಬೆಂಗಳೂರು ಪಕ್ಕದ ಹೆಸರಘಟ್ಟದಲ್ಲಿ 5,600ಕ್ಕೂ ಹೆಚ್ಚು ಎಕರೆಯನ್ನು ಹುಲ್ಲುಗಾವಲು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ 2024ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು.

ನಾವೇನು ಮಾಡಬಹುದು?
- ಪುರಸಭೆ ಅಥವಾ ಪಂಚಾಯಿತಿಯ ಅನುಮತಿ ಪಡೆಯೋಣ.
- ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳೋಣ. ಅಲರ್ಜಿ, ಉಬ್ಬಸ ಇರುವವರು ದೂರವಿರಲಿ.
- ಅಲ್ಲಿಯದೇ ಹುಲ್ಲಿನ ಬಲಿತ ಬೀಜ ಆರಿಸಿಟ್ಟು, ಮುಂಗಾರಿನಲ್ಲಿ ಸವೆದ ಜಾಗಕ್ಕೆ ಚೆಲ್ಲೋಣ.
- ಗಿಡಗಳನ್ನು ರಸ್ತೆಬದಿ, ಶಾಲೆಯಂಗಳ, ಹೊಲದ ಬದುವಿನಲ್ಲಿ ನೆಡೋಣ.

ತೀರ್ಮಾನ: ಈ ಸಂದೇಶ ದಾರಿ ತಪ್ಪಿಸುತ್ತದೆ. ಫಾರ್ವರ್ಡ್ ಮಾಡುವ ಮುನ್ನ ನಿಮ್ಮೂರಿನ ಕುರಿಗಾಹಿಯನ್ನು ಒಮ್ಮೆ ಕೇಳಿ: ಆ ಜಾಗ ನಿಜಕ್ಕೂ ಖಾಲಿಯೇ?