ಬಾಣ ಸರಿಯಾದ ತಿರುವಿನಲ್ಲೇ ನಿಲ್ಲುವುದು ಹೇಗೆ?

ಗೊತ್ತಿಲ್ಲದ ಮೆಟ್ರೊ ನಿಲ್ದಾಣದಿಂದ ಹೊರಬಂದು ಫೋನಿನಲ್ಲಿ ನಕ್ಷೆ ತೆರೆದರೆ ನೀಲಿ ಚುಕ್ಕೆ ಕಾಣುತ್ತದೆ. ‘ಉತ್ತರಕ್ಕೆ ನಡೆಯಿರಿ’ ಎನ್ನುತ್ತದೆ ಫೋನು. ಉತ್ತರ ಯಾವ ಕಡೆ? ನಾಲ್ಕು ಹೆಜ್ಜೆ ಹಾಕಿ, ಚುಕ್ಕೆ ಎತ್ತ ಸರಿಯಿತೆಂದು ನೋಡಿ, ತಪ್ಪಿದ್ದರೆ ಹಿಂತಿರುಗುವುದೇ ಹಲವರ ಉಪಾಯ. ಈ ಪೇಚಾಟ ತಪ್ಪಿಸಲೆಂದೇ ಗೂಗಲ್ ಮ್ಯಾಪ್ಸ್ 2019ರಲ್ಲಿ ‘ಲೈವ್ ವ್ಯೂ’ ಸೌಲಭ್ಯವನ್ನು ಹೆಚ್ಚಿನ ಫೋನುಗಳಿಗೆ ಒದಗಿಸಿತು. ಫೋನನ್ನು ಎತ್ತಿ ಹಿಡಿದರೆ ಎದುರಿನ ರಸ್ತೆಯೇ ಪರದೆಯಲ್ಲಿ ಮೂಡುತ್ತದೆ. ತಿರುಗಬೇಕಾದ ಕಡೆ ದೊಡ್ಡ ಬಾಣವೊಂದು ನಿಂತಿರುತ್ತದೆ. ಇದೇ ವರ್ಧಿತ ವಾಸ್ತವದ ದಾರಿತೋರುಕ.

ಇದರ ಹಿಂದಿನ ಕಲ್ಪನೆ ಹಳೆಯದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಫೈನರ್ ಮತ್ತು ಸಂಗಡಿಗರು 1997ರಲ್ಲೇ ‘ಟೂರಿಂಗ್ ಮಷೀನ್’ ರೂಪಿಸಿದ್ದರು. ಬೆನ್ನಿಗೆ ಕಂಪ್ಯೂಟರ್, ತಲೆಗೆ ಪಾರದರ್ಶಕ ಪರದೆ ಕಟ್ಟಿಕೊಂಡು ಆವರಣದಲ್ಲಿ ಅಡ್ಡಾಡಿದರೆ, ಕಟ್ಟಡಗಳ ಮೇಲೆಯೇ ಅವುಗಳ ಹೆಸರು ತೇಲುತ್ತಿತ್ತು. ಬಾಣವನ್ನೋ ಹೆಸರನ್ನೋ ಬರೆಯುವುದು ಅಂದೂ ಕಷ್ಟವಿರಲಿಲ್ಲ. ಅದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದೇ ಕಷ್ಟ.

ಏಕೆಂದರೆ ಜಿಪಿಎಸ್ ಅಷ್ಟು ಕರಾರುವಾಕ್ಕಲ್ಲ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಿಂದ ರೇಡಿಯೊ ಸಂಕೇತ ಬರಲು ಹಿಡಿದ ಹೊತ್ತನ್ನು ಅಳೆದು ಫೋನು ತನ್ನ ನೆಲೆಯನ್ನು ಲೆಕ್ಕ ಹಾಕುತ್ತದೆ. ಬಯಲಿನಲ್ಲಾದರೆ ಸುಮಾರು 5 ಮೀಟರ್ ಹೆಚ್ಚುಕಡಿಮೆಯಾದೀತು. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗಳಿಗೆ ಬಡಿದು ಸುತ್ತಿಬರುತ್ತದೆ. ಅದು 100 ನ್ಯಾನೊಸೆಕೆಂಡ್ ತಡವಾದರೂ ಸಾಕು, ಉಪಗ್ರಹ 30 ಮೀಟರ್ ಆಚೆ ಇದೆಯೆಂದು ಫೋನು ಎಣಿಸುತ್ತದೆ. ನೀಲಿ ಚುಕ್ಕೆ ಪಕ್ಕದ ಬೀದಿಗೆ ಜಿಗಿಯುವುದು ಹೀಗೆ.

ಇನ್ನೊಂದು ತೊಡಕು ದಿಕ್ಕಿನದು. ನಿಂತಲ್ಲೇ ನಿಂತವರು ಎತ್ತ ಮುಖ ಮಾಡಿದ್ದಾರೆಂದು ಜಿಪಿಎಸ್‌ಗೆ ತಿಳಿಯದು. ಫೋನಿನೊಳಗಿನ ದಿಕ್ಸೂಚಿ ಭೂಮಿಯ ದುರ್ಬಲ ಕಾಂತಕ್ಷೇತ್ರವನ್ನು ನಂಬಿದೆ. ಪಕ್ಕದಲ್ಲೊಂದು ಕಾರು, ಕಾಲಡಿಯಲ್ಲಿ ಕಬ್ಬಿಣದ ಸರಳು ಇದ್ದರೆ ಅದೂ ದಾರಿ ತಪ್ಪುತ್ತದೆ. ದಿಕ್ಕು ಬರೀ 10 ಡಿಗ್ರಿ ತಪ್ಪಿದರೂ 50 ಮೀಟರ್ ಆಚೆಯ ಬಾಣ ಸುಮಾರು 9 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅಷ್ಟಾದರೆ ಬಾಣ ತಿರುವನ್ನು ಬಿಟ್ಟು ಯಾರದೋ ಅಂಗಡಿ ಬಾಗಿಲಿಗೆ ಕರೆದೊಯ್ಯುತ್ತದೆ!

ಇದಕ್ಕೆ ಪರಿಹಾರ ಕ್ಯಾಮೆರಾ. ಗೂಗಲ್ ತನ್ನ ‘ಸ್ಟ್ರೀಟ್ ವ್ಯೂ’ ಸೌಲಭ್ಯಕ್ಕಾಗಿ ತೆಗೆದ ಬೀದಿಚಿತ್ರಗಳಿಂದ ಕಟ್ಟಡಗಳ ಅಂಚು, ಕಿಟಕಿಗಳ ಮೂಲೆಗಳಂಥ ಗುರುತುಗಳನ್ನು ಆಯ್ದು, ಪ್ರತಿಯೊಂದರ ನೆಲೆಯನ್ನೂ ಮೊದಲೇ ದಾಖಲಿಸಿರುತ್ತಾರೆ. ನಿಮ್ಮ ಕ್ಯಾಮೆರಾ ಕಂಡ ಗುರುತುಗಳನ್ನು ಇವುಗಳ ಜೊತೆ ತಾಳೆ ನೋಡಲಾಗುತ್ತದೆ. ಎಲ್ಲಿ ಹುಡುಕಬೇಕೆಂಬುದಕ್ಕೆ ಜಿಪಿಎಸ್‌ನ ಅಂದಾಜೇ ಸಾಕು. ಹೊಂದಿಕೆಯಾದರೆ, ಇಂಥ ನೋಟ ಸಿಗಲು ಕ್ಯಾಮೆರಾ ಎಲ್ಲಿರಬೇಕು, ಎತ್ತ ತಿರುಗಿರಬೇಕು ಎಂಬುದನ್ನು ರೇಖಾಗಣಿತ ಹೇಳಿಬಿಡುತ್ತದೆ. ನೆಲೆ, ದಿಕ್ಕು ಎರಡೂ ಒಟ್ಟಿಗೇ ಸಿಕ್ಕಂತಾಯಿತು.

ಆಮೇಲೆ ನೀವು ನಡೆಯತೊಡಗುತ್ತೀರಿ. ಬಾಣ ಮಾತ್ರ ಅಲ್ಲೇ ನಿಂತಿರಬೇಕು. ಫೋನಿನ ಚಲನೆಯನ್ನು ವೇಗೋತ್ಕರ್ಷಮಾಪಕ, ಗೈರೊಸ್ಕೋಪ್‌ಗಳು ಕ್ಷಣಕ್ಷಣಕ್ಕೂ ಅಳೆಯುತ್ತವೆ. ಇವನ್ನಷ್ಟೇ ನಂಬುವುದು ಕಣ್ಣುಮುಚ್ಚಿ ಹೆಜ್ಜೆ ಎಣಿಸುತ್ತ ನಡೆದಂತೆ: ಸಣ್ಣ ತಪ್ಪುಗಳು ಸೇರಿ ದೊಡ್ಡದಾಗುತ್ತವೆ. ಆದ್ದರಿಂದ ಒಂದು ಚಿತ್ರದಿಂದ ಮುಂದಿನದಕ್ಕೆ ಗುರುತುಗಳು ಎಷ್ಟು ಸರಿದವೆಂದು ಕ್ಯಾಮೆರಾ ನೋಡುತ್ತ, ಲೆಕ್ಕವನ್ನು ತಿದ್ದುತ್ತಲೇ ಇರುತ್ತದೆ.

ಬೀದಿಚಿತ್ರಗಳೇ ಇಲ್ಲದ ಕಡೆ ಈ ತಾಳೆ ನಡೆಯದು. ಬೆಂಗಳೂರಿನಲ್ಲಿ 2011ರಲ್ಲಿ ಶುರುವಾದ ಸ್ಟ್ರೀಟ್ ವ್ಯೂ ಚಿತ್ರೀಕರಣವನ್ನು ಪೊಲೀಸರು ಭದ್ರತೆಯ ಕಾರಣಕ್ಕೆ ನಿಲ್ಲಿಸಿದ್ದರು; ಬೆಂಗಳೂರೂ ಸೇರಿ ದೇಶದ 10 ನಗರಗಳಿಗೆ ಆ ಸೌಲಭ್ಯ ಬಂದದ್ದು 2022ರಲ್ಲಿ. ಚಿತ್ರವಿದ್ದರೂ ಹಳೆಯ ಕಟ್ಟಡ ಕೆಡವಿದ್ದರೆ, ಕತ್ತಲಾಗಿದ್ದರೆ ಗುರುತು ಸಿಗುವುದು ಕಷ್ಟ. ಮರಗಳು ಋತುವಿಗೊಂದು ರೂಪ ತಾಳುತ್ತವೆ, ವಾಹನಗಳು ನಿಂತಲ್ಲಿ ನಿಲ್ಲುವುದಿಲ್ಲ. ಅವನ್ನು ಬದಿಗಿಡಲು ಗಣಕಕ್ಕೆ ಕಲಿಸಿದ್ದಾರೆ. ಹಾಗಾಗಿ ಬಾಣ ತಡವರಿಸಿದರೆ ಫೋನನ್ನು ಮರದ ಕಡೆಗಲ್ಲ, ಎದುರು ಸಾಲಿನ ಕಟ್ಟಡಗಳ ಕಡೆಗೆ ಹಿಡಿಯಿರಿ. ದಿಕ್ಕು ತಿಳಿದ ಮೇಲೆ ಫೋನನ್ನು ಕೆಳಗಿಳಿಸಿ ನಡೆಯಿರಿ. ಎದುರು ಬರುವ ಬೈಕಿನ ಸುಳಿವನ್ನು ಬಾಣ ಕೊಡುವುದಿಲ್ಲ.