ದಿನಾ ಇಂಗ್ಲಿಷ್ ಮಾತಾಡೋನಿಗೆ ಇಂಗ್ಲಿಷ್ ಪರೀಕ್ಷೆ!

‘ಆಫೀಸಲ್ಲಿ ದಿನವಿಡೀ ಇಂಗ್ಲಿಷಲ್ಲೇ ಮಾತಾಡ್ತೀಯ, ನಿನಗ್ಯಾವ ಪರೀಕ್ಷೆ ಕಣೋ?’ ಎಂದರು ಅಮ್ಮ. ನನಗೂ ಹಾಗೇ ಅನ್ನಿಸಿತ್ತು. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎಂಟು ವರ್ಷ ಆಗಿದೆ. ಕೆನಡಾ ಪಿಆರ್‌ಗೆ ಐಇಎಲ್‌ಟಿಎಸ್ ಜನರಲ್ ಟ್ರೈನಿಂಗ್ ಬರೆಯಬೇಕಿತ್ತು. ಹದಿನೈದು ದಿನ ಓದಿದರೆ ಸಾಕು ಅಂದುಕೊಂಡೆ.

ರಿಸಲ್ಟ್ ಬಂತು. ಲಿಸನಿಂಗ್ 8, ರೀಡಿಂಗ್ 7.5, ರೈಟಿಂಗ್ 6, ಸ್ಪೀಕಿಂಗ್ 6.5. ಸರಾಸರಿ 7. ಅಮ್ಮ ಪಾಯಸ ಮಾಡಿದರು. ಆದರೆ ನಾನು ಗುರಿ ಇಟ್ಟುಕೊಂಡಿದ್ದ ಮಟ್ಟಕ್ಕೆ ಲಿಸನಿಂಗ್‌ನಲ್ಲಿ 8, ಉಳಿದ ಮೂರರಲ್ಲೂ ಕನಿಷ್ಠ 7 ಬೇಕು. ಅಲ್ಲಿ ಸರಾಸರಿ ಲೆಕ್ಕಕ್ಕಿಲ್ಲ. ಪಾಯಸ ಗಂಟಲಲ್ಲಿ ಇಳಿಯಲಿಲ್ಲ.

ಕೂತು ಯೋಚಿಸಿದೆ. ಆಫೀಸಲ್ಲಿ ನಾನು ಬರೆಯೋದು ಎರಡು ಸಾಲಿನ ಚಾಟ್. ಮೀಟಿಂಗಲ್ಲಿ ಹೇಳೋದು ‘ಇವತ್ತು ಮುಗಿಯುತ್ತೆ, ನಾಳೆ ನೋಡ್ತೀನಿ’ ಅಷ್ಟೇ. ಒಂದು ಅಭಿಪ್ರಾಯ ಹಿಡಿದು ಒಂದು ಪುಟ ಬರೆದು ಎಷ್ಟು ವರ್ಷವಾಗಿತ್ತೋ! ರೈಟಿಂಗ್‌ಗೆ ಸಿಗೋದು 60 ನಿಮಿಷ. ಅಷ್ಟರಲ್ಲಿ ಕನಿಷ್ಠ 150 ಪದಗಳ ಪತ್ರ, 250 ಪದಗಳ ಪ್ರಬಂಧ ಬರೀಬೇಕು. ಪ್ರಬಂಧದ ತೂಕ ಪತ್ರಕ್ಕಿಂತ ಎರಡರಷ್ಟು. ನಾನು ಪತ್ರಕ್ಕೇ ಅರ್ಧ ಗಂಟೆ ಕಳೆದಿದ್ದೆ.

ಎರಡನೇ ಸಲ ರೀತಿ ಬದಲಿಸಿದೆ. ಬೆಳಿಗ್ಗೆ ಆರಕ್ಕೆ ಎದ್ದು ಫೋನಲ್ಲಿ ಟೈಮರ್ ಇಡುತ್ತಿದ್ದೆ: ಪತ್ರಕ್ಕೆ 20 ನಿಮಿಷ, ಪ್ರಬಂಧಕ್ಕೆ 40. ಪ್ರಬಂಧದ ಮೊದಲ ಐದು ನಿಮಿಷ ಕನ್ನಡದಲ್ಲೇ ಟಿಪ್ಪಣಿ. ನಾನು ಹೇಳೋದೇನು? ಯಾಕೆ? ಉದಾಹರಣೆ ಯಾವುದು? ವಿಚಾರ ನೆಟ್ಟಗಾದರೆ ಇಂಗ್ಲಿಷ್ ಅದರ ಹಿಂದೆ ಬರುತ್ತೆ ಅಂತ ಆಗ ಗೊತ್ತಾಯಿತು.

ಸ್ಪೀಕಿಂಗ್ ಇನ್ನೂ ಕಷ್ಟ. 11ರಿಂದ 14 ನಿಮಿಷದ ಮಾತುಕತೆ. ನಡುವೆ ಒಂದು ವಿಷಯದ ಚೀಟಿ ಕೊಡ್ತಾರೆ. ಒಂದು ನಿಮಿಷ ತಯಾರಿ, ಆಮೇಲೆ ಎರಡು ನಿಮಿಷದವರೆಗೆ ನಾವೊಬ್ಬರೇ ಮಾತಾಡಬೇಕು. ನಾನು ಏಳನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಆ ಅಳುಕಿಗೆ ಮೊದಲ ಸಲ ನಾಲಿಗೆ ತಿರುಚಿ ‘ಫಾರಿನ್’ ಇಂಗ್ಲಿಷ್ ಆಡಲು ಹೋಗಿ, ಹೇಳಬೇಕಾದ್ದನ್ನೇ ಮರೆತಿದ್ದೆ. ನಿಜವಾಗಿ ಅಂಕ ಸಿಗೋದು ತಡವರಿಸದೆ ಓರಣವಾಗಿ ಮಾತಾಡೋದಕ್ಕೆ, ಪದಸಂಪತ್ತಿಗೆ, ವ್ಯಾಕರಣಕ್ಕೆ, ಉಚ್ಚಾರಣೆಗೆ. ಉಚ್ಚಾರಣೆ ಅಂದರೂ ಕೇಳುವವರಿಗೆ ಸ್ಪಷ್ಟವಾಗಬೇಕು, ಅಷ್ಟೇ. ಬ್ರಿಟಿಷರ ಥರ ಮಾತಾಡಬೇಕೆಂದಿಲ್ಲ.

ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀತಾ, ಇಯರ್‌ಫೋನ್ ಹಾಕಿಕೊಂಡು ಒಬ್ಬನೇ ಮಾತಾಡಿ ರೆಕಾರ್ಡ್ ಮಾಡಿಕೊಂಡೆ. ನೋಡಿದವರು ಫೋನಲ್ಲಿದ್ದಾನೆ ಅಂದುಕೊಂಡರು. ಪರೀಕ್ಷೆಯ ದಿನ ಹಿರಿಯರೊಬ್ಬರ ಬಗ್ಗೆ ಹೇಳಿ ಅಂತ ಚೀಟಿ ಬಂತು. ನಮ್ಮಜ್ಜಿ ದೇವರಾಜ ಮಾರ್ಕೆಟ್ಟಲ್ಲಿ ವೀಳ್ಯದೆಲೆಗೆ ಚೌಕಾಸಿ ಮಾಡುತ್ತಿದ್ದುದನ್ನು ಹೇಳಿದೆ, ನಮ್ಮ ಮೈಸೂರು ಇಂಗ್ಲಿಷಲ್ಲೇ. ಪರೀಕ್ಷಕರೇ ನಿಲ್ಲಿಸಬೇಕಾಯಿತು.

ಈ ಸಲ ರೈಟಿಂಗ್ 7, ಸ್ಪೀಕಿಂಗ್ 7.5. ಉಳಿದೆರಡೂ ಕೈಬಿಡಲಿಲ್ಲ. ನೀವೂ ತಯಾರಾಗುತ್ತಿದ್ದರೆ ಫೀಸ್ ಕಟ್ಟುವ ಮೊದಲು ಯಾವ ವಿಭಾಗಕ್ಕೆ ಎಷ್ಟು ಬೇಕು ಅಂತ ನೋಡಿಕೊಳ್ಳಿ. ಸರಾಸರಿ ನಂಬಬೇಡಿ.

ಈ ಅಂಕಕ್ಕೆ ಎರಡು ವರ್ಷ ಮಾನ್ಯತೆ ಅಂತ ಹೇಳಿದಾಗ ಅಮ್ಮ, ‘ಹಂಗಾದ್ರೆ ಈಗಲೇ ಹೊರಡಬೇಕಂತಿಲ್ಲ ಅಲ್ವಾ?’ ಎಂದರು. ಅದಕ್ಕೆ ಮಾತ್ರ ನನ್ನ ಹತ್ತಿರ ಯಾವ ಭಾಷೆಯಲ್ಲೂ ಉತ್ತರ ಇರಲಿಲ್ಲ.