ಹಾಡು ಒಂದು, ಹಕ್ಕು ಮೂರು

ಸ್ವತಂತ್ರವಾಗಿ ಹಾಡು ಕಟ್ಟುವವರ ಬೆನ್ನಿಗೆ ಕಾನೂನು ಗಟ್ಟಿಯಾಗಿ ನಿಂತಿದೆ. ಆ ಬಲ ಉಳಿಯುವುದೂ ಕಳೆದುಹೋಗುವುದೂ ಸಹಿ ಹಾಕುವ ಕಾಗದದ ಮೇಲೆ.

ಸಿನಿಮಾದ ಹಂಗಿಲ್ಲದೆ ಹಾಡು ಕಟ್ಟುವ ಹೊಸ ತಲೆಮಾರೊಂದು ಕನ್ನಡದಲ್ಲಿ ಬೆಳೆಯುತ್ತಿದೆ. ಸಾಹಿತ್ಯ ಅವರದೇ, ಟ್ಯೂನ್ ಅವರದೇ, ಮನೆಯ ಕೋಣೆಯೇ ಸ್ಟುಡಿಯೊ. ಯೂಟ್ಯೂಬ್‌ಗೆ ಬಿಟ್ಟ ಹಾಡು ಜನರ ಬಾಯಿಗೆ ಬಂತೆಂದರೆ ಆಡಿಯೊ ಕಂಪನಿಯಿಂದಲೋ ಜಾಹೀರಾತು ಸಂಸ್ಥೆಯಿಂದಲೋ ಫೋನ್ ಬರುತ್ತದೆ. ಅದರ ಬೆನ್ನಿಗೇ ಇಂಗ್ಲಿಷಿನ ಅಗ್ರಿಮೆಂಟ್. ಮೊತ್ತ ನೋಡಿ ಖುಷಿಯಾಗಿ, ಷರತ್ತು ಓದದೆ ಸಹಿ ಹಾಕಿಬಿಡುವುದು ಸುಲಭ. ಆ ಸಹಿಯಿಂದ ಏನೇನು ಕೈಬಿಟ್ಟು ಹೋಗುತ್ತದೆಂದು ತಿಳಿಯಬೇಕಾದರೆ, ಒಂದು ಹಾಡಿನೊಳಗೆ ಎಷ್ಟು ಹಕ್ಕುಗಳಿವೆ ಎಂಬುದು ಮೊದಲು ಗೊತ್ತಿರಬೇಕು.

ಯಾವುದು ಯಾರದು?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡು ಒಂದೇ ಸ್ವತ್ತಲ್ಲ. ಸಾಹಿತ್ಯ ಒಂದು ಕೃತಿ, ಅದು ಬರೆದವರದು. ರಾಗಸಂಯೋಜನೆ ಇನ್ನೊಂದು, ಅದು ಸಂಯೋಜಿಸಿದವರದು. ಧ್ವನಿಮುದ್ರಣ ಮೂರನೆಯದು, ಅದು ಮುದ್ರಣದ ಹೊಣೆ ಹೊತ್ತ ನಿರ್ಮಾಪಕರದು. ಮೊದಲ ಎರಡರ ಹಕ್ಕು ಕರ್ತೃವಿನ ಜೀವಮಾನದುದ್ದಕ್ಕೂ, ಆಮೇಲೆ 60 ವರ್ಷವೂ ಇರುತ್ತದೆ. ಮುದ್ರಣಕ್ಕೆ, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ.

ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದ ಹಾಡಲು ಯಾರ ಅಪ್ಪಣೆಯೂ ಬೇಡ. ಅದಕ್ಕೆ ನೀವು ಕಟ್ಟಿದ ಹೊಸ ಟ್ಯೂನ್ ಮಾತ್ರ ನಿಮ್ಮದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಗೆ ರಾಗ ಹಾಕಿ ಬಿಡುಗಡೆ ಮಾಡುವವರು 2041ರ ಕೊನೆಯವರೆಗೂ ಹಕ್ಕುದಾರರ ಒಪ್ಪಿಗೆ ಪಡೆಯಬೇಕು. ನಮ್ಮ ಹಾಡಿಗೆ ಗೌರವ ಬಯಸುವ ನಾವು ಹಿರಿಯರ ಕವಿತೆಗೂ ಅದೇ ಗೌರವ ಸಲ್ಲಿಸಬೇಕು.

ಈ ಹಕ್ಕು ಹುಟ್ಟುವುದಕ್ಕೆ ನೋಂದಣಿ ಕಡ್ಡಾಯವಲ್ಲ. ಆದರೆ ತಕರಾರು ಎದ್ದಾಗ ನೋಂದಣಿ ಪುಸ್ತಕದ ದಾಖಲೆಯನ್ನು ನ್ಯಾಯಾಲಯ ಮೇಲ್ನೋಟದ ಸಾಕ್ಷ್ಯವೆಂದು ಒಪ್ಪುತ್ತದೆ. 2013ರ ನಿಯಮಗಳಲ್ಲಿ ಸಾಹಿತ್ಯ ಕೃತಿಗೂ ಸಂಗೀತ ಕೃತಿಗೂ ತಲಾ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಶುಲ್ಕ ನಿಗದಿಯಾಗಿದೆ.

ಹಿರಿಯರು ಗೆದ್ದುಕೊಟ್ಟದ್ದು

ಹಾಡು ಬರೆದವರಿಗೆ ಈ ಬಲ ತಾನಾಗಿ ಬಂದದ್ದಲ್ಲ. ಸಿನಿಮಾಕ್ಕಾಗಿ ಹಣ ಪಡೆದು ಹಾಡು ಮಾಡಿಕೊಟ್ಟರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ನಿರ್ಮಾಪಕರೇ ಮೊದಲ ಒಡೆಯರು ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಮೊಕದ್ದಮೆಯಲ್ಲಿ ಕರ್ತೃಗಳ ಪರ ನಿಂತದ್ದು 1969ರಲ್ಲಿ ಶುರುವಾದ ಐಪಿಆರ್‌ಎಸ್ ಸಂಘ. ಮುಂದೆ ಗೀತರಚನೆಕಾರ ಜಾವೇದ್ ಅಖ್ತರ್ ರಾಜ್ಯಸಭೆಯ ಒಳಗೂ ಹೊರಗೂ ಪಟ್ಟುಹಿಡಿದರು. 2012ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಈಗ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ, ಸಿನಿಮಾದ್ದಲ್ಲದ ಧ್ವನಿಮುದ್ರಣದ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಕರ್ತೃವಿಗೆ ಸಮಪಾಲು ಕೇಳುವ ಅಧಿಕಾರವಿದೆ. ಆ ಪಾಲನ್ನು ಬಿಟ್ಟುಕೊಟ್ಟೆ ಎಂದು ಕಂಪನಿಗೆ ಬರೆದುಕೊಟ್ಟರೂ ಅದು ಊರ್ಜಿತವಾಗುವುದಿಲ್ಲ.

ಪಾಲು ಇದೆ ಎಂದಮಾತ್ರಕ್ಕೆ ಮನೆಬಾಗಿಲಿಗೆ ಬರುವುದಿಲ್ಲ. ಹಾಡನ್ನು ಆ್ಯಪ್‌ಗಳಿಗೆ ಹಾಕುವ ಡಿಸ್ಟ್ರಿಬ್ಯೂಟರ್ ಕೊಡುವುದು ಮುಖ್ಯವಾಗಿ ಮುದ್ರಣದ ಪಾಲು. ಸಾಹಿತ್ಯ ಮತ್ತು ಟ್ಯೂನಿನ ರಾಯಲ್ಟಿ ಸಂಗ್ರಹಿಸಿ ಹಂಚುವುದು ಐಪಿಆರ್‌ಎಸ್. ಸದಸ್ಯರಾಗದೆ, ಹಾಡಿನ ವಿವರ ದಾಖಲಿಸದೆ ಉಳಿದರೆ ಆ ಹಣ ನಮ್ಮನ್ನು ಹುಡುಕಿಕೊಂಡು ಬರದು.

ಸಹಿಗೆ ಮೊದಲು

ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಕರ್ತೃ ಅಥವಾ ಅವರ ಅಧಿಕೃತ ಪ್ರತಿನಿಧಿ ಸಹಿ ಹಾಕಿರಬೇಕು. ಬಾಯಿಮಾತಿನಲ್ಲಿ ಹಕ್ಕು ಕೈಬದಲಾಗುವುದಿಲ್ಲ. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ಎಣಿಸುತ್ತದೆ. ಹಾಗಾಗಿಯೇ ಕಂಪನಿಗಳ ಕರಾರಿನಲ್ಲಿ ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’ ಎಂಬ ಪದಗಳಿವೆಯೇ ಎಂದು ಮೊದಲು ಹುಡುಕಬೇಕು. ಇದ್ದರೆ ಬದಲಾಯಿಸಲು ಕೇಳಿ; ಕೇಳುವುದು ಅವಿನಯವಲ್ಲ. ಒಂದು ಜಾಹೀರಾತಿಗೆ ಹಾಡು ಬೇಕೆಂದವರಿಗೆ ಒಡೆತನ ಕೊಡಬೇಕಾಗಿಲ್ಲ, ಆ ಬಳಕೆಗಷ್ಟೇ ಲೈಸೆನ್ಸ್ ಕೊಟ್ಟರೆ ಸಾಕು.

ಗೆಳೆಯರು ಸೇರಿ ಹಾಡು ಮಾಡಿದಾಗ, ಸಾಹಿತ್ಯದಲ್ಲಿ ಯಾರ ಪಾಲೆಷ್ಟು, ಟ್ಯೂನಿನಲ್ಲಿ ಎಷ್ಟು, ಮುದ್ರಣದಲ್ಲಿ ಎಷ್ಟು ಎಂದು ಬಿಡುಗಡೆಗೆ ಮೊದಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಹಾಡು ಹೆಸರು ಮಾಡಿದ ಮೇಲೆ ಲೆಕ್ಕ ಹಾಕಲು ಕೂತರೆ ಸ್ನೇಹವೂ ಮುರಿಯುತ್ತದೆ, ತಂಡವೂ ಒಡೆಯುತ್ತದೆ.

ಎಲ್ಲ ಮಾರಿದ ಮೇಲೂ ಒಂದು ಹಕ್ಕು ಕರ್ತೃವಿನ ಬಳಿ ಉಳಿಯುತ್ತದೆ: ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ, ಮಾನಕ್ಕೆ ಧಕ್ಕೆಯಾಗುವಂತೆ ತಿರುಚಿದರೆ ತಡೆಯುವ ಹಕ್ಕು. ಕಾಯ್ದೆಯ 57ನೇ ಕಲಂ ಇದನ್ನು ಕೊಟ್ಟಿದೆ.

ಹಾಡು ಕಟ್ಟುವುದು ದುಡಿಮೆ. ದುಡಿದವರು ಕೂಲಿ ಕೇಳಲು ನಾಚಬಾರದು. ಕಾಗದ ಓದಲು ಒಂದು ವಾರ ಸಮಯ ಕೇಳಿ, ಬಲ್ಲ ವಕೀಲರಿಗೆ ತೋರಿಸಿ. ಅಷ್ಟು ಸಮಯವನ್ನೂ ಕೊಡದವರ ಜೊತೆ ವ್ಯವಹಾರ ಬೇಡ.